ಬೇಡದೆ ದೊರೆತ ಕ್ಷಮೆ

ಮರಣದಂಡನೆಗೆ ಗುರಿಯಾದವನ ಪರವಾಗಿ ಅನ್ಯರು ಕ್ಷಮೆಯನ್ನು ಯಾಚಿಸುವುದು ಬೇರೆ. ಆ ಕ್ಷಮೆಯನ್ನು ಅವನ ಮನಸ್ಸು ಅಂಗೀಕರಿಸುವುದು ಬೇರೆ. ಈ ಭೇದವನ್ನು ಸುರಪುರದ ರಾಜಾ ವೆಂಕಟಪ್ಪನಾಯಕನ ಜೀವಿತದಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನವು ಕರ್ನಾಟಕದ ಇತಿಹಾಸದಲ್ಲಿ ವಿರಳವೆಂದೇ ನಮ್ಮ ಭಾವನೆ.

ಕೃಷ್ಣಾ ಭೀಮಾ ನದಿಗಳ ನಡುವಣ ಸುರಪುರವು ಬೇಡ ನಾಯಕರ ಸಂಸ್ಥಾನವಾಗಿದ್ದಿತು. ತಂದೆಯಾದ ಕೃಷ್ಣಪ್ಪನಾಯಕನು ಮಡಿದಾಗ ವೆಂಕಟಪ್ಪನು ಇನ್ನೂ ಬಾಲಕ. ತಾಯಿ ಈಶ್ವರಮ್ಮನವರ ಆಡಳಿತದಲ್ಲಿ ಒಳಜಗಳಗಳು ಹೆಚ್ಚಲು, ಆಂಗ್ಲ ಸರ್ಕಾರವು ಕ್ಯಾಪ್ಟನ್ ಮೆಡೋಸ್ ಟೇಲರನನ್ನು ಅಲ್ಲಿಗೆ ಕಳುಹಿಸಿತು. ಟೇಲರನು ರಾಜ್ಯಭಾರವನ್ನು ನೋಡಿಕೊಂಡುದಲ್ಲದೆ ಬಾಲಕನನ್ನೂ ಸಾಕಿ ಬೆಳೆಸಿದನು. ಬಾಲಕನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. 1853ರಲ್ಲಿ ಪ್ರಾಪ್ತವಯಸ್ಕನಾದ ಅರಸನಿಗೆ ಸಂಸ್ಥಾನವನ್ನು ಒಪ್ಪಿಸಿ ಟೇಲರನು ಬೇರೆ ಕಡೆಗೆ ಹೋದನು.

ಐದು ವರ್ಷಗಳೊಳಗೆ ಕಾಲವು ಬದಲಾಯಿತು. ಉತ್ತರದಲ್ಲಿ ಎದ್ದ ಸ್ವಾತಂತ್ರ್ಯದ ಕಿಚ್ಚು ಸುರಪುರವನ್ನೂ ಮುಟ್ಟಿತು. 1858ರ ಫೆಬ್ರವರಿಯಲ್ಲಿ ಅರಸನ ಬೇಡಪಡೆಯು ಆಂಗ್ಲರ ದಂಡಿನ ಮೇಲೆ ಬಿದ್ದಿತು. ಆದರೆ ಶತ್ರುವಿಗೆ ಹೊಸ ಸೈನ್ಯದ ಬೆಂಬಲವು ಬರುತ್ತಲೇ ಕೋಟೆಯು ನಿಲ್ಲಲಿಲ್ಲ. ಹೈದರಾಬಾದಿಗೆ ಹೋದ ಅರಸನನ್ನು ನಿಜಾಮನ ದಿವಾನ ಸಾಲಾರಜಂಗನು ಹಿಡಿಸಿ ರೆಸಿಡೆಂಟನ ವಶಕ್ಕೆ ಕೊಟ್ಟನು. ವಿಚಾರಣೆಯು ನಡೆದು ಮರಣದಂಡನೆಯು ವಿಧಿಸಲ್ಪಟ್ಟಿತು.

ಸೆರೆಯಲ್ಲಿದ್ದ ಅರಸನನ್ನು ಟೇಲರನು ಕಂಡನು. ತನ್ನನ್ನು ಪ್ರೇರಿಸಿದವರ ಹೆಸರನ್ನು ಹೇಳುವುದಕ್ಕಾಗಲಿ, ರೆಸಿಡೆಂಟನ ಮುಂದೆ ಪ್ರಾಣಭಿಕ್ಷೆ ಬೇಡುವುದಕ್ಕಾಗಲಿ ಅರಸನು ಒಪ್ಪಲಿಲ್ಲವೆಂದು ಟೇಲರನ ಆತ್ಮಕಥೆಯು ತಿಳಿಸುತ್ತದೆ. ಸಾವಿಗೆ ಅವನು ಅಂಜಿರಲಿಲ್ಲ, ಸೆರೆವಾಸಕ್ಕೆ ಅಂಜಿದ್ದನು. ಕೀಳು ಬೇಡನೊಬ್ಬನೂ ಸೆರೆಯಲ್ಲಿ ಬದುಕಲಾರನು, ಅರಸನಾದ ತಾನು ಹೇಗೆ ಬದುಕುವೆನೆಂಬುದೇ ಅವನ ಅಳಲಾಗಿದ್ದಿತು. ಆದರೂ ಟೇಲರನು ಅವನ ಎಳೆಯ ಪ್ರಾಯವನ್ನೂ ದುರ್ಬೋಧೆಗೆ ಸಿಕ್ಕಿದುದನ್ನೂ ಎತ್ತಿ ಹೇಳಿ ದಯೆಯನ್ನು ಯಾಚಿಸಿದನು. ರೆಸಿಡೆಂಟನು ಮರಣದಂಡನೆಯನ್ನು ಆಜೀವ ಗಡೀಪಾರಿಗೆ ಇಳಿಸಿದನು. ಗವರ್ನರ್ ಜನರಲನು ಅದನ್ನೂ ಕಡಿಮೆಮಾಡಿ, ಮದರಾಸಿನ ಸಮೀಪದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯೆಂದು ಗೊತ್ತುಪಡಿಸಿದನು. ನಡತೆಯು ಸುಧಾರಿಸಿದರೆ ಸಂಸ್ಥಾನವು ಮರಳಿ ದೊರೆಯುವ ಆಸೆಯೂ ಇದ್ದಿತು.

ಅದೇ ವರ್ಷದ ಜೂನ್ 12ರಂದು ನರಗುಂದದ ಬಾಬಾಸಾಹೇಬನು ಬೆಳಗಾವಿಯಲ್ಲಿ ಗಲ್ಲಿಗೇರಿದುದನ್ನು ಸ್ಮರಿಸಿದರೆ, ಸುರಪುರದ ಅರಸನಿಗೆ ದೊರೆತ ರಿಯಾಯಿತಿಯು ಎಷ್ಟು ದೊಡ್ಡದೆಂಬುದು ವಾಚಕರಿಗೆ ತಿಳಿಯುವುದು. ಆದರೆ ಅದು ವ್ಯರ್ಥವಾಯಿತು. ಚೆಂಗಲ್ಪಟ್ಟಿನ ದಾರಿಯ ಮೊದಲನೆಯ ಬೀಡಿನಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅರಸನು ಬಲಿಯಾದನು. ತಾನೇ ಹೊಡೆದುಕೊಂಡನೆಂಬುದು ಸರ್ಕಾರದ ಹೇಳಿಕೆ; ಅದನ್ನು ನಂಬದವರೂ ಉಂಟು. ಇಪ್ಪತ್ತನಾಲ್ಕರ ಆಸುಪಾಸಿನ ಪ್ರಾಯದಲ್ಲಿ ಆ ಜೀವವು ಮುಗಿಯಿತು. 1860ರಲ್ಲಿ ಸುರಪುರವು ನಿಜಾಮನಿಗೆ ಬಹುಮಾನವಾಗಿ ಸಂದಿತು.

ಟೇಲರನ ಪ್ರೀತಿಯನ್ನು ನಾವು ಶಂಕಿಸುವುದಿಲ್ಲ. ಆದರೆ ಒಬ್ಬ ಅಧಿಕಾರಿಯ ವಾತ್ಸಲ್ಯವನ್ನು ಅವಲಂಬಿಸಿದ ದಯೆಯು ದೈವಯೋಗವೇ ಹೊರತು ನ್ಯಾಯವಲ್ಲ. ಸುರಪುರದವನಿಗೆ ಒಬ್ಬ ಅಪ್ಪನಿದ್ದನು, ಆ ವರ್ಷ ಗಲ್ಲಿಗೆ ಹೋದ ಎಷ್ಟೋ ಮಂದಿಗೆ ಅಂಥವನಿರಲಿಲ್ಲ. ಈಗ ನಮ್ಮ ಸಂವಿಧಾನದ 72 ಮತ್ತು 161ನೆಯ ವಿಧಿಗಳು ರಾಷ್ಟ್ರಪತಿಗೂ ರಾಜ್ಯಪಾಲರಿಗೂ ಕ್ಷಮಾಧಿಕಾರವನ್ನಿತ್ತಿವೆ. ಅರ್ಜಿಯ ಇತ್ಯರ್ಥವನ್ನು ಅಕಾರಣವಾಗಿ ಅತಿಯಾಗಿ ತಡಮಾಡಿದರೆ ಮರಣದಂಡನೆಯನ್ನು ಇಳಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿದೆ. ಆ ಅರ್ಜಿಗಳು ಯಾರ ಮೇಜಿನ ಮೇಲೆ ಬರುವುವೋ ಅವರು, ಪರವಾಗಿ ಮಾತನಾಡಲು ಯಾರೂ ಇಲ್ಲದವನ ಕಾಗದವನ್ನೇ ಮೊದಲು ಓದಲಿ. ಸುರಪುರದ ಕಥೆಯನ್ನು ನೆನೆಯುವುದರಿಂದ ಆಗಬಹುದಾದ ಪ್ರಯೋಜನವು ಇದೇ.