ತಮ್ಮದೇ ವಾರ್ಡ್ ಮುಚ್ಚಿಸಿದ ನೈಟಿಂಗೇಲ್, ರ‍್ಯಾಂಕ್ ನೋಡುವ ಯಾದಗಿರಿ

ಪ್ರತಿ ವರ್ಷ ಮೇ 12ಕ್ಕೆ ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ದೀಪ ಹಚ್ಚಿ, ಫ್ಲಾರೆನ್ಸ್ ನೈಟಿಂಗೇಲ್ ಫೋಟೊಗೆ ಹಾರ ಹಾಕುತ್ತಾರೆ. ದೀಪ ಸರಿ. ಆದರೆ ಅವರ ಇನ್ನೊಂದು ಕೈಯಲ್ಲಿದ್ದ ಸಾವಿನ ಲೆಕ್ಕದ ರಿಜಿಸ್ಟರ್ ಯಾರಿಗೂ ನೆನಪಿಲ್ಲ. ಯಾದಗಿರಿಯಂಥ ಜಿಲ್ಲೆಯನ್ನು ನೋಡುತ್ತಾ ಅವರ ಬದುಕನ್ನು ಓದಿದರೆ ನನ್ನನ್ನು ಕಾಡೋದು ಆ ರಿಜಿಸ್ಟರೇ.

ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಇಂಗ್ಲೆಂಡಿನ ಸಿರಿವಂತ ಮನೆತನ. ಮಗಳು ಮದುವೆಯಾಗಲಿ ಅನ್ನೋದು ಮನೆಯವರ ಆಸೆ; ಮಗಳಿಗೆ ಗಣಿತದ ಹುಚ್ಚು, ನರ್ಸ್ ಆಗುವ ಹಟ. ಆ ಕಾಲಕ್ಕೆ ಅದು ದೊಡ್ಡ ಮನೆಯವರು ಮೂಗು ಮುರಿಯುತ್ತಿದ್ದ ಕೆಲಸ. 1854ರ ನವೆಂಬರಿನಲ್ಲಿ 38 ದಾದಿಯರೊಂದಿಗೆ ತುರ್ಕಿಯ ಸ್ಕುಟಾರಿಗೆ ಬಂದಿಳಿದರು. ಕ್ರಿಮಿಯಾ ಯುದ್ಧದ ಬ್ರಿಟಿಷ್ ಸೈನಿಕರ ಆಸ್ಪತ್ರೆ ಅಲ್ಲಿತ್ತು.

ಅವರು ಬಂದರು, ಸಾವು ಇಳಿಯಿತು ಅನ್ನೋದು ಪಠ್ಯಪುಸ್ತಕದ ಕತೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಆ ಚಳಿಗಾಲವಿಡೀ ಸಾವು ಏರುತ್ತಲೇ ಹೋಯಿತು. 1855ರ ಫೆಬ್ರುವರಿಯಲ್ಲಿ ದಾಖಲಾದ 100 ಮಂದಿಗೆ 40ಕ್ಕೂ ಹೆಚ್ಚು ಜನ ಸತ್ತರು. ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗ ಕಟ್ಟಡದ ಅಡಿಯ ಚರಂಡಿ ತೊಳೆಸಿ, ಒಳಗೆ ಗಾಳಿ ಆಡುವಂತೆ ಮಾಡಿದ ಮೇಲೆ ಅದು ಕುಸಿಯಿತು.

ಯುದ್ಧ ಮುಗಿಸಿ ಮನೆಗೆ ಬಂದಾಗ ಅವರು ದೇಶದ ಕಣ್ಮಣಿ. ಸನ್ಮಾನ ಮಾಡಿಸಿಕೊಂಡು ಸುಮ್ಮನಿರಬಹುದಿತ್ತು. ಬದಲಿಗೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ಪ್ರತಿ ತಿಂಗಳ ಸಾವನ್ನು ಕಾರಣವಾರು ಬಿಡಿಸಿದರು. ಗಾಯದಿಂದ ಸತ್ತವರು ಕಡಿಮೆ. ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಹೆಚ್ಚು. ಮಂತ್ರಿಗಳು ಕೋಷ್ಟಕ ಓದುವುದಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಹಾಗಾಗಿ ಹೂವಿನ ಎಸಳಿನಂಥ ಬಣ್ಣದ ನಕ್ಷೆ ಬರೆದರು. ಇವತ್ತಿನ ಡ್ಯಾಶ್‌ಬೋರ್ಡ್‌ಗಳ ಅಜ್ಜಿ ಅದು. 1858ರಲ್ಲಿ ಬ್ರಿಟನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಅವರನ್ನು ಸದಸ್ಯೆಯಾಗಿ ಸೇರಿಸಿಕೊಂಡಿತು. ಆ ಸಂಸ್ಥೆಗೆ ಅವರೇ ಮೊದಲ ಮಹಿಳೆ.

ಅದೇ 1858ರಲ್ಲಿ ನಮ್ಮ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯವನ್ನು ಕಂಪನಿ ಸೇನೆ ಹತ್ತಿಕ್ಕಿತು. ಇಂಥ ಬಂಡಾಯಗಳಿಗೆ ಹೆದರಿ ಬ್ರಿಟಿಷರು ಭಾರತಕ್ಕೆ ಬಿಳಿ ಸೈನಿಕರನ್ನು ತುಂಬಿದರು. ಆ ಸೈನಿಕರು ಬ್ಯಾರಕ್‌ಗಳಲ್ಲೇ ಸಾಯುತ್ತಿದ್ದರು. ನೈಟಿಂಗೇಲ್ ಬೆನ್ನುಬಿದ್ದು 1859ರಲ್ಲಿ ರಾಯಲ್ ಕಮಿಷನ್ ಮಾಡಿಸಿದರು. ಸಿಕಂದರಾಬಾದ್, ಬಳ್ಳಾರಿ, ಬೆಂಗಳೂರು ಸೇರಿ ದಂಡು ಪ್ರದೇಶಗಳಿಗೆಲ್ಲ ಪ್ರಶ್ನಾವಳಿ ಹೋಯಿತು. 1863ರ ವರದಿಯ ಪ್ರಕಾರ ವರ್ಷಕ್ಕೆ 1000 ಸೈನಿಕರಿಗೆ 69 ಸಾವು. ನೀರು, ಚರಂಡಿ ಸುಧಾರಿಸುತ್ತಾ ಹೋದಂತೆ ಹತ್ತು ವರ್ಷದಲ್ಲಿ ಅದು 18ಕ್ಕೆ ಇಳಿಯಿತು.

ಒಂದು ಮಾತು ಹೇಳಲೇಬೇಕು. ಮೊದಲು ಎಣಿಸಿದ್ದು ಸಾಮ್ರಾಜ್ಯಕ್ಕೆ ಬೇಕಾದ ಜೀವಗಳನ್ನು. ಊರ ರೈತನ ಜೀವ ಆಮೇಲೆ ಬಂತು. ಭಾರತಕ್ಕೆ ಒಮ್ಮೆಯೂ ಬರದ ನೈಟಿಂಗೇಲ್, 1876-78ರ ಬರದ ಹೊತ್ತಿಗೆ ಇಲ್ಲಿನ ರೈತರ ಹಸಿವು, ಸಾಲ, ನೀರಾವರಿ ಕುರಿತು ತಮ್ಮದೇ ಸರ್ಕಾರದ ವಿರುದ್ಧ ಬರೆಯತೊಡಗಿದ್ದರು. ಯಾರನ್ನು ಎಣಿಸುತ್ತೇವೆ ಅನ್ನೋದೇ ರಾಜಕೀಯ. ಅದನ್ನು ಅವರು ತಡವಾಗಿ ಕಂಡರು, ಆದರೆ ಕಂಡರು.

ನನಗೆ ಅವರು ದೊಡ್ಡವರಾಗಿ ಕಾಣೋದು ಇನ್ನೊಂದು ಕಾರಣಕ್ಕೆ. 1861ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಅವರ ನಿಧಿಯಿಂದ ಹೆರಿಗೆ ವಾರ್ಡ್ ತೆರೆಯಿತು, ಸೂಲಗಿತ್ತಿಯರಿಗೆ ತರಬೇತಿ ಕೊಡೋದಕ್ಕೆ. ಬಾಣಂತಿಯರು ನಂಜಿನ ಜ್ವರದಿಂದ ಸತ್ತರು. 1867ರಲ್ಲಿ ಆ ವಾರ್ಡ್ ಮುಚ್ಚಿತು. ನೈಟಿಂಗೇಲ್ ವಿಷಯ ಮುಚ್ಚಲಿಲ್ಲ. ಹಲವು ಊರುಗಳ ಲೆಕ್ಕ ತರಿಸಿ 1871ರಲ್ಲಿ ಪುಸ್ತಕ ಬರೆದರು. ಮನೆಯಲ್ಲಿ ಹೆತ್ತವರಲ್ಲಿ 1000ಕ್ಕೆ ಸುಮಾರು 5 ಸಾವು, ಹೆರಿಗೆ ಆಸ್ಪತ್ರೆಗಳಲ್ಲಿ ಅದರ ಹಲವು ಪಟ್ಟು. ತಮ್ಮದೇ ವಾರ್ಡಿನ ಸಾವುಗಳನ್ನೂ ಸಾಕ್ಷಿಯಾಗಿ ಮುಂದಿಟ್ಟರು.

ಅವರು ಸೋತದ್ದೂ ಇದೆ. ಎಲ್ಲ ಆಸ್ಪತ್ರೆಗಳಿಗೂ ಒಂದೇ ನಮೂನೆಯ ಫಾರ್ಮ್ ಮಾಡಿದರು. 1860ರ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ಒಪ್ಪಿತು. ತುಂಬುವುದೇ ಭಾರವಾಗಿ ಆಸ್ಪತ್ರೆಗಳು ಕೈಬಿಟ್ಟವು. ರಿಜಿಸ್ಟರ್ ಮೇಲೆ ರಿಜಿಸ್ಟರ್ ತುಂಬುವ ನಮ್ಮ ಆಶಾ ಕಾರ್ಯಕರ್ತೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1910ರಲ್ಲಿ, 90ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಈಗ ನಮ್ಮ ಜಿಲ್ಲೆಗೆ ಬನ್ನಿ. 2018ರಲ್ಲಿ ಕೇಂದ್ರ ಸರ್ಕಾರ ರಾಯಚೂರಿನ ಜೊತೆ ಯಾದಗಿರಿಯನ್ನೂ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. 49 ಸೂಚ್ಯಂಕ, ಅದರಲ್ಲಿ ಆರೋಗ್ಯ ಮತ್ತು ಪೌಷ್ಟಿಕತೆಗೆ 30% ತೂಕ, ಪ್ರಗತಿ ನೋಡಿ ರ‍್ಯಾಂಕ್. ಎಷ್ಟು ಹೆರಿಗೆ ಆಸ್ಪತ್ರೆಯಲ್ಲಾಯಿತು ಅನ್ನೋದು ಅದರಲ್ಲೊಂದು. ಇದು ಬೇಕಾದ ಲೆಕ್ಕವೇ. ನಂಜು ತಡೆಯುವ ವಿದ್ಯೆ ಬಂದ ಮೇಲೆ ಹೆರಿಗೆಗೆ ಆಸ್ಪತ್ರೆಯೇ ಸರಿಯಾದ ಜಾಗ. ಆದರೆ ಬಾಗಿಲವರೆಗೆ ಬಂದ ಹೆಣ್ಣುಮಗಳು ಒಳಗೆ ಸುರಕ್ಷಿತವಾಗಿದ್ದಳಾ? ರಕ್ತ ಇತ್ತಾ? ಅರಿವಳಿಕೆ ವೈದ್ಯರಿದ್ದರಾ? ಶಹಾಪುರದಿಂದ ರೆಫರ್ ಆಗಿ ಕಲಬುರಗಿ ದಾರಿಯಲ್ಲಿ ಸತ್ತರೆ ಆ ಸಾವಿಗೆ ಉತ್ತರ ಕೊಡುವ ಆಸ್ಪತ್ರೆ ಯಾವುದು? ಸುರಪುರದಲ್ಲಿ ತಾಯಿ ಕಾರ್ಡ್ ಮಾಡಿಸಿ, ಗುಳೆ ಹೋಗಿ ಬೆಂಗಳೂರಿನ ಶೆಡ್‌ನಲ್ಲಿ ಹೆತ್ತವಳ ಜಾಡು ಹಿಡಿಯೋರು ಯಾರು? ರ‍್ಯಾಂಕ್ ಇದಕ್ಕೆಲ್ಲ ಉತ್ತರ ಕೊಡೋದಿಲ್ಲ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಸರ್ಕಾರ ತಾಯಂದಿರ ಸಾವಿನ ಆಡಿಟ್ ಮಾಡಿಸಿತು. ಬಹುಪಾಲು ಸಾವು ತಡೆಯಬಹುದಾಗಿದ್ದವು ಅಂತ ಗೊತ್ತಾಯಿತು. ಸ್ಕುಟಾರಿಯ ಲೆಕ್ಕ ಹೇಳಿದ್ದೂ ಇದನ್ನೇ.

ಪ್ರತಿ ತಾಯಿಯ ಸಾವನ್ನು ಪರಿಶೀಲಿಸಬೇಕು ಎಂಬ ನಿಯಮ ಈಗಲೂ ಇದೆ. ಹೆಸರು ಮರೆಮಾಡಿ, ತಾಲೂಕುವಾರು ಕಾರಣ ಮತ್ತು ಅದಾದ ಮೇಲೆ ಏನು ಸರಿಪಡಿಸಿದರು ಅನ್ನೋದನ್ನು ಮೂರು ತಿಂಗಳಿಗೊಮ್ಮೆ ಜನರ ಮುಂದಿಡಲಿ. ಸಾವು ಒಪ್ಪಿಕೊಂಡ ವೈದ್ಯರನ್ನೋ ನರ್ಸನ್ನೋ ಬಲಿ ಕೊಡುವುದು ನಿಲ್ಲಲಿ. ಇಲ್ಲದಿದ್ದರೆ ಅವರು ಬರೆಯುವುದನ್ನೇ ನಿಲ್ಲಿಸುತ್ತಾರೆ. ನಮ್ಮ ಶಾಸಕರನ್ನು, ಜಿಲ್ಲಾ ಉಸ್ತುವಾರಿ ಸಚಿವರನ್ನು ಕೇಳಬೇಕಾದ ಪ್ರಶ್ನೆ ಯಾದಗಿರಿ ಎಷ್ಟನೇ ಸ್ಥಾನದಲ್ಲಿದೆ ಅನ್ನೋದಲ್ಲ. ಕಳೆದ ಸಲ ಸತ್ತ ತಾಯಿಯಿಂದ ನಮ್ಮ ಹೆರಿಗೆ ವಾರ್ಡ್‌ನಲ್ಲಿ ಏನು ಬದಲಾಯಿತು ಅಂತ ಕೇಳ್ರಿ.