ಡೋಲಿ ಹೊತ್ತ ಗಾಂಧೀಜಿ

ಗಾಂಧೀಜಿ ಎಂದೊಡನೆ ನಮಗೆ ಚರಕ, ಊರುಗೋಲು, ಉಪ್ಪಿನ ಸತ್ಯಾಗ್ರಹ ನೆನಪಾಗುತ್ತವೆ. ಅವರು ಎರಡು ಯುದ್ಧಗಳಲ್ಲಿ ಗಾಯಾಳುಗಳನ್ನು ಹೊತ್ತು ನಡೆದವರು ಎಂಬುದು ಹಲವರಿಗೆ ತಿಳಿಯದು.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸರು ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ, 1893ರಲ್ಲಿ ಒಂದು ಮೊಕದ್ದಮೆಯ ಕೆಲಸಕ್ಕೆ ದಕ್ಷಿಣ ಆಫ್ರಿಕಕ್ಕೆ ಹೋದರು. ಅಲ್ಲಿ ಭಾರತೀಯರ ಅವಮಾನಗಳನ್ನು ಕಂಡು, ಅನುಭವಿಸಿ, ಅಲ್ಲೇ ನೆಲೆ ನಿಂತರು.

1899ರ ಅಕ್ಟೋಬರಿನಲ್ಲಿ ಬ್ರಿಟಿಷರಿಗೂ ಬೋಯರರಿಗೂ ಯುದ್ಧ ಆರಂಭವಾಯಿತು. ಗಾಂಧೀಜಿಯ ಮನಸ್ಸು ಬೋಯರರ ಕಡೆಗಿತ್ತು. ಆದರೂ ಬ್ರಿಟಿಷ್ ಪ್ರಜೆಗಳಾಗಿ ಹಕ್ಕು ಕೇಳುವವರು ಕಷ್ಟಕಾಲದಲ್ಲಿ ಕರ್ತವ್ಯವನ್ನೂ ಮಾಡಬೇಕೆಂದು ಅವರು ನಿರ್ಧರಿಸಿದರು. ಭಾರತೀಯರು ದುಡ್ಡು ಮಾಡಲಷ್ಟೇ ಬಂದವರು ಎಂಬ ಬಿಳಿಯರ ಚುಚ್ಚುಮಾತಿಗೂ ಉತ್ತರ ಕೊಡಬೇಕಿತ್ತು. ಸರ್ಕಾರ ಮೊದಲು ಅವರ ಸಹಾಯವನ್ನು ನಿರಾಕರಿಸಿತು. ಯುದ್ಧ ಬಿಗಡಾಯಿಸಿದಾಗ ಒಪ್ಪಿತು. ಸುಮಾರು 1,100 ಜನರ ದಳ ಸಿದ್ಧವಾಯಿತು. ಅವರಲ್ಲಿ ಸುಮಾರು 300 ಜನ ಸ್ವತಂತ್ರರು, ಉಳಿದವರು ಕಬ್ಬಿನ ತೋಟ ಮೊದಲಾದ ಕಡೆ ದುಡಿಯುತ್ತಿದ್ದ ಕರಾರು ಕೂಲಿಗಳು.

ಕೊಲೆನ್ಸೊ ಕದನದಲ್ಲಿ ಅವರ ಕೆಲಸ ಶುರುವಾಯಿತು. ಗುಂಡು ಹಾರುವ ಜಾಗಕ್ಕೆ ಹೋಗುವ ಕಟ್ಟುಪಾಡು ಅವರಿಗಿರಲಿಲ್ಲ. ಆದರೆ 1900ರ ಜನವರಿಯಲ್ಲಿ ಸ್ಪಿಯಾನ್ ಕೋಪ್ ಬೆಟ್ಟದಲ್ಲಿ ಬ್ರಿಟಿಷರು ಸೋತು ಹಿಂದೆ ಸರಿದಾಗ, ಸೇನೆಯ ಕೋರಿಕೆಗೆ ಒಪ್ಪಿ ಅಲ್ಲಿಗೂ ನುಗ್ಗಿದರು. ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ದಿನಕ್ಕೆ 20-25 ಮೈಲಿ ನಡೆದರು. 25 ಮೈಲಿ ಎಂದರೆ 40 ಕಿ.ಮೀ.; ಹೆಗಲ ಮೇಲೆ ನರಳುವ ಮನುಷ್ಯ, ಕಾಲಡಿಯಲ್ಲಿ ಏರುತಗ್ಗಿನ ನೆಲ. ಆರು ವಾರಗಳ ನಂತರ ದಳವನ್ನು ವಿಸರ್ಜಿಸಲಾಯಿತು. ಪದಕ ಬಂದದ್ದು ಮುಂದಾಳುಗಳಿಗೆ ಮಾತ್ರ.

1906ರಲ್ಲಿ ನೆಟಾಲಿನ ಜುಲು ಜನ ತೆರಿಗೆಯ ವಿರುದ್ಧ ಬಂಡೆದ್ದಾಗ ಗಾಂಧೀಜಿ 24 ಜನರ ಚಿಕ್ಕ ದಳದೊಂದಿಗೆ ಮತ್ತೆ ಹೋದರು. ಈ ಬಾರಿ ಅವರಿಗೆ ಸಿಕ್ಕ ಗಾಯಾಳುಗಳಲ್ಲಿ ಹೆಚ್ಚಿನವರು ಜುಲುಗಳೇ. ಸಂಶಯದ ಮೇಲೆ ಹಿಡಿದು ಛಡಿಯಿಂದ ಹೊಡೆಸಿಕೊಂಡ ಅವರ ಗಾಯಗಳು ಕೊಳೆಯುತ್ತಿದ್ದವು. ಬಿಳಿಯರು ಮುಟ್ಟಲು ಒಪ್ಪದ ಆ ಗಾಯಗಳನ್ನು ಭಾರತೀಯರು ತೊಳೆದು ಕಟ್ಟಿದರು. ಇದು ಯುದ್ಧವಲ್ಲ, ಮನುಷ್ಯರ ಬೇಟೆ ಎಂದು ಗಾಂಧೀಜಿಗೆ ಅನ್ನಿಸಿತು. ಆ ಬೆಟ್ಟಗುಡ್ಡಗಳ ನಡಿಗೆಯಲ್ಲೇ ಅವರು ಜೀವನವಿಡೀ ಸೇವೆಗೆ ಮೀಸಲಿಡುವ, ಬ್ರಹ್ಮಚರ್ಯ ಪಾಲಿಸುವ ನಿಶ್ಚಯಕ್ಕೆ ಬಂದರು.

ಇಷ್ಟು ಸೇವೆಗೆ ಸಿಕ್ಕ ಪ್ರತಿಫಲವೇನು? ಅದೇ ವರ್ಷ ಟ್ರಾನ್ಸ್‌ವಾಲ್ ಸರ್ಕಾರ ಭಾರತೀಯರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಾನೂನು ತರಹೊರಟಿತು. ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಸಭೆಯಲ್ಲಿ ಅದನ್ನು ಪಾಲಿಸೆವೆಂದು ಜನ ಪ್ರತಿಜ್ಞೆ ಮಾಡಿದರು. ಸತ್ಯಾಗ್ರಹ ಹುಟ್ಟಿದ್ದು ಹೀಗೆ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ, 1920ರ ಆಗಸ್ಟ್ 1ರಂದು, ಬೋಯರ್ ಮತ್ತು ಜುಲು ಯುದ್ಧಗಳ ಪದಕಗಳನ್ನೂ ಕೈಸರ್-ಇ-ಹಿಂದ್ ಪದಕವನ್ನೂ ಅವರು ವೈಸರಾಯರಿಗೆ ಹಿಂದಿರುಗಿಸಿದರು.

ಪದಕ ಹಿಂದಿರುಗಿಸಿದರೂ ಹೊತ್ತ ಸೇವೆ ಸುಳ್ಳಾಗಲಿಲ್ಲ. ಗಾಯಗೊಂಡವನು ಯಾವ ಪಕ್ಷದವನೆಂದು ಡೋಲಿ ಕೇಳುವುದಿಲ್ಲ. ಗಾಂಧೀಜಿಯ ಜೊತೆ ಹೆಗಲು ಕೊಟ್ಟ ಆ ಕೂಲಿಗಳ ಹೆಸರು ನಮ್ಮ ಪುಸ್ತಕಗಳಲ್ಲಿಲ್ಲ. ಅಕ್ಟೋಬರ್ 2ರಂದು ನಮ್ಮ ಶಾಲೆಯ ಮಕ್ಕಳು ಭಾವಚಿತ್ರಕ್ಕೆ ಹೂವಿಡುವಾಗ ಅವರನ್ನೂ ಒಂದು ಕ್ಷಣ ನೆನೆದರೆ ಚೆನ್ನ.