ಶಿಶುಶಿಕ್ಷಣದ ಆಚಾರ್ಯ ಫ್ರೋಬೆಲ್

ಜರ್ಮನಿಯ ತುರಿಂಗಿಯಾ ಪ್ರಾಂತದಲ್ಲಿ 1782ನೆಯ ಇಸವಿ ಏಪ್ರಿಲ್ 21ರಂದು ಪಾದ್ರಿಯೊಬ್ಬರ ಮನೆಯಲ್ಲಿ ಜನಿಸಿದ ಫ್ರೆಡ್ರಿಕ್ ಫ್ರೋಬೆಲರು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡರು. ತಾಯಿಯ ಲಾಲಿಯನ್ನರಿಯದ ಆ ಕೂಸೇ ಮುಂದೆ, 1844ರಲ್ಲಿ, ತಾಯಂದಿರಿಗಾಗಿ ಹಾಡಿನ ಹೊತ್ತಗೆಯೊಂದನ್ನು ಪ್ರಕಟಿಸಿದುದು ವಿಧಿವಿಲಾಸವೇ ಸರಿ. ಅದರಲ್ಲಿ ಹಾಡಿನೊಡನೆ ಬೆರಳಾಟ, ಬೆರಳಾಟದೊಡನೆ ಚಿತ್ರ.

ಪೆಸ್ತಾಲೋಜಿಯವರ ಸನ್ನಿಧಿಯಲ್ಲಿ ಪಳಗಿದ ಇವರು 1837ರಲ್ಲಿ ಬ್ಲಾಂಕೆನ್‌ಬುರ್ಗಿನಲ್ಲಿ ಶಿಶುಗಳಿಗಾಗಿ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಮಕ್ಕಳು ಕೈಕೈ ಹಿಡಿದು ವರ್ತುಲವಾಗಿ ನಿಂತು ಹಾಡುತ್ತ ಕುಣಿಯುವರು. ಮರದ ಘನವೊಂದನ್ನು ಬಿಡಿಸಿದರೆ ಎಂಟು ಕಿರುಘನಗಳು. ಅವನ್ನು ಪಾಲಿಟ್ಟು ಮತ್ತೆ ಕೂಡಿಸುವಷ್ಟರಲ್ಲಿ ಅರ್ಧ, ಕಾಲು, ಅರೆಕಾಲುಗಳ ಲೆಕ್ಕ ಬಾಯಿಪಾಠವಿಲ್ಲದೆಯೇ ಕೈವಶವಾಗುವುದು. ಅಕ್ಷರವನ್ನು ಅವರು ಅವಸರದಿಂದ ಹೇರಲಿಲ್ಲ. ಬೆರಳು ಪಳಗಿ, ಕಿವಿ ನಾದವನ್ನರಿತ ಮೇಲೆ ಓದುಬರಹ.

ದೈವಶ್ರದ್ಧೆಯೇ ಉಸಿರಾಗಿದ್ದ ಈ ವೃದ್ಧರ ಶಾಲೆಗಳು ನಾಸ್ತಿಕತೆಯನ್ನು ಬಿತ್ತುತ್ತವೆಂದು ಆರೋಪಿಸಿ ಪ್ರಷ್ಯದ ಸರ್ಕಾರವು 1851ರಲ್ಲಿ ಅವನ್ನು ನಿಷೇಧಿಸಿತು. ಸೋದರನ ಮಗ ಕಾರ್ಲನ ಬರಹವನ್ನು ಇವರ ತಲೆಗೆ ಕಟ್ಟಿದ್ದರು! ಅಧಿಕಾರಿಗಳಿಗೆ ಹೆಸರಿನ ಸಾಮ್ಯವೇ ಸಾಕ್ಷಿಯಾಯಿತು. ಫ್ರೋಬೆಲರು ದೊರೆಗೆ ಬಿನ್ನಹ ಸಲ್ಲಿಸಿದರು, ಫಲಿಸಲಿಲ್ಲ. 1852ರ ಜೂನ್ 21ರಂದು ಅವರು ದೇಹವಿಟ್ಟರು. ನಿಷೇಧವು ತೆರವಾದುದು 1860ರಲ್ಲಿ. ಅಷ್ಟರಲ್ಲಿ ಅವರ ಶಿಷ್ಯೆಯರು ಆ ಹಾಡುಗಳನ್ನು ಕಡಲಾಚೆಗೆ ಒಯ್ದಿದ್ದರು.